ರಿಮ್‌ವರ್ಲ್ಡ್: 1500 ಹುಲ್ಲು ಇದೆ, ಚಳಿಗಾಲ ದಾಟುತ್ತಾ? ದೊಡ್ಡಿ ಮತ್ತು ಮೇವಿನ ಲೆಕ್ಕ

ಹಸಿರುದಿಬ್ಬ (ಪ್ರಶ್ನೆ):

ರಿಮ್‌ವರ್ಲ್ಡ್ (ಕಾಲೊನಿ ಕಟ್ಟಿ ನಡೆಸುವ ಕಂಪ್ಯೂಟರ್ ಆಟ) ಆವೃತ್ತಿ 1.5, ಮಾಡ್ (ಆಟವನ್ನು ಬದಲಿಸುವ ಹೆಚ್ಚುವರಿ ತುಣುಕು) ಯಾವುದೂ ಹಾಕಿಲ್ಲ. ಬೋರಿಯಲ್ ಫಾರೆಸ್ಟ್ (ಚಳಿ ಹೆಚ್ಚಿರುವ ಕಾಡು), ಗ್ರೋಯಿಂಗ್ ಪೀರಿಯಡ್ (ಬೆಳೆ ಬೆಳೆಯುವ ಕಾಲ) ಆಟದ ವರ್ಷದ 60 ದಿನದಲ್ಲಿ 30. ಕಾಲೊನಿಯಲ್ಲಿ 8 ಜನ. ಹಸು, ಕುರಿ, ಕೋಳಿ ಎಲ್ಲ ಒಂದೇ ದೊಡ್ಡಿಯಲ್ಲಿವೆ. ಪೆನ್ ಮಾರ್ಕರ್ (ದೊಡ್ಡಿಯ ಗುರುತುಕಂಬ) ಒತ್ತಿ ಫುಡ್ ಟ್ಯಾಬ್ ನೋಡಿದರೆ ಇವತ್ತಿನ ಸ್ಥಿತಿ ಹೀಗಿದೆ: ಹಿಂಡಿನ ಬಳಕೆ ದಿನಕ್ಕೆ 6.0 ನ್ಯೂಟ್ರಿಷನ್ (ಆಟದಲ್ಲಿ ಆಹಾರದ ಅಳತೆ), ದೊಡ್ಡಿಯೊಳಗೆ ತಾನಾಗಿ ಬೆಳೆಯುವ ಹುಲ್ಲು ದಿನಕ್ಕೆ 2.1.

ಬೆಳೆ ಬೆಳೆಯುವ ಕಾಲ ಇನ್ನು 12 ದಿನ ಮಾತ್ರ. ಕೂಡಿಟ್ಟ ಒಣಹುಲ್ಲು 1500. ಹೊಲದಲ್ಲಿ 100 ಚೌಕ ಹೇಗ್ರಾಸ್ (ಒಣಹುಲ್ಲು ಕೊಡುವ ಬೆಳೆ) ಇದೆ, ಬೆಳವಣಿಗೆ 55%, ಸಾಮಾನ್ಯ ಮಣ್ಣು.

ಕೇಳಬೇಕಾದದ್ದು ಇಷ್ಟು. 1500 ಸಾಕಾಗುತ್ತದೆಯೇ? ಸಾಲದಿದ್ದರೆ ಈಗಲೇ ಇನ್ನಷ್ಟು ಬಿತ್ತಬೇಕೋ, ಹಿಂಡು ಇಳಿಸಬೇಕೋ? ಒಣಹುಲ್ಲನ್ನು ದೊಡ್ಡಿಯ ಒಳಗಿಡಬೇಕೋ ಹೊರಗಿಡಬೇಕೋ? ಇನ್ನೊಂದು ವಿಷಯ, ಒಂದೆರಡು ದಿನದಿಂದ ಹಾಲು ಕಡಿಮೆ ಬರುತ್ತಿದೆ. ಯಾವ ಹಸುವಿಗೂ ಮಾಲ್‌ನ್ಯೂಟ್ರಿಷನ್ (ಆಹಾರವಿಲ್ಲದೆ ಸೊರಗುವುದು) ಇಲ್ಲ, ರೋಗವೂ ಇಲ್ಲ. ಮತ್ತೇಕೆ?

---

ಮೇವಿನಲೆಕ್ಕ:

ಹುಲ್ಲಿನ ರಾಶಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಹೊಟ್ಟೆಗೆ ಚಿಕ್ಕದು. ಒಂದು ಹುಲ್ಲಿನಲ್ಲಿರುವುದು 0.05 ನ್ಯೂಟ್ರಿಷನ್ ಮಾತ್ರ. ನಿಮ್ಮ 1500 ಅಂದರೆ 75 ನ್ಯೂಟ್ರಿಷನ್. ದಿನಕ್ಕೆ 6.0ರಂತೆ ಹನ್ನೆರಡೂವರೆ ದಿನಕ್ಕೆ ಖಾಲಿ. ಬೆಳೆ ನಿಲ್ಲುವುದು 30 ದಿನ.

ಆ 30ಕ್ಕೆ ಇನ್ನು 5 ದಿನ ಸೇರಿಸಿಕೊಳ್ಳಿ. ವಸಂತ ಬಂದ ಮೊದಲ ದಿನವೇ ದೊಡ್ಡಿಯ ಹುಲ್ಲು ಚಿಗುರಿ ನಿಲ್ಲುವುದಿಲ್ಲ. ಗಿಡ 0 ಡಿಗ್ರಿಗಿಂತ ಕೆಳಗೆ ಬೆಳೆಯುವುದೇ ಇಲ್ಲ, 0ರಿಂದ 6ರವರೆಗೆ ಕುಂಟುತ್ತದೆ, 6 ದಾಟಿದ ಮೇಲೇ ಪೂರ್ತಿ ವೇಗ. ಹಾಗಾಗಿ 35 ದಿನದ ಮೇವು ಬೇಕು: 6.0 × 35 = 210 ನ್ಯೂಟ್ರಿಷನ್, ಅಂದರೆ 4200 ಹುಲ್ಲು.

ಈಗ ಹೊಲ. ಹೇಗ್ರಾಸ್‌ಗೆ ಬರೆದಿರುವುದು 7 ದಿನ. ಆದರೆ ಗಿಡಗಳು ರಾತ್ರಿ ಮಲಗುತ್ತವೆ. ದಿನದಲ್ಲಿ ಬೆಳೆಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಷ್ಟೇ, ಹಾಗಾಗಿ ಸಾಮಾನ್ಯ ಮಣ್ಣಿನಲ್ಲಿ ನಿಜವಾದ ಲೆಕ್ಕ ಸುಮಾರು 12.9 ದಿನ. ನಿಮ್ಮದು 55%ನಲ್ಲಿದೆ, ಉಳಿದ 45%ಕ್ಕೆ ಇನ್ನು 6 ದಿನ. ಅವಧಿಯೊಳಗೆ ಕೈಗೆ ಬರುತ್ತದೆ. ಗಿಡಕ್ಕೆ 18ರಂತೆ 1800. ಒಟ್ಟು 3300 ಹುಲ್ಲು, 165 ನ್ಯೂಟ್ರಿಷನ್, 27 ದಿನದ ಮೇವು. ಕೊರತೆ 900 ಹುಲ್ಲು.

ಅದನ್ನು ಬಿತ್ತಿ ತುಂಬಿಸುವ ಯೋಚನೆ ಬಿಡಿ. ಇವತ್ತೇ ಬಿತ್ತಿದರೂ 12 ದಿನದಲ್ಲಿ ಗಿಡ ಪೂರ್ತಿ ಬಲಿಯುವುದಿಲ್ಲ, ಕೊನೆಯ ದಿನಗಳ ತಂಪಿನಲ್ಲಿ ಇನ್ನೂ ಹಿಂದೆ ಬೀಳುತ್ತದೆ. ಈಗಿರುವ ಹೊಲ ಕೊಯ್ದ ಮೇಲೆ ಅದೇ ಜಾಗದಲ್ಲಿ ಬಿತ್ತಿದರಂತೂ ಆರು ದಿನಕ್ಕೆ 45% ಮುಟ್ಟೀತು; 65% ಆಗದೆ ಕೊಯ್ಯಲೂ ಆಗುವುದಿಲ್ಲ. ಕೊಯ್ಲು ಮುಗಿದ ಕೂಡಲೇ ಆ ಝೋನ್‌ನಲ್ಲಿ ಬಿತ್ತನೆಯ ಟಿಕ್ ತೆಗೆದುಬಿಡಿ, ಇಲ್ಲದಿದ್ದರೆ ಜನ ಸುಮ್ಮನೆ ಬಿತ್ತುತ್ತಾ ದಿನ ಕಳೆಯುತ್ತಾರೆ.

ಕೋಲ್ಡ್ ಸ್ನ್ಯಾಪ್ (ಅಕಾಲದ ಕಡುಚಳಿ) ಸೂಚನೆ ಬಂದರೆ ಮಾತ್ರ ಬಲಿಯುವ ತನಕ ಕಾಯಬೇಡಿ. 65%ನಲ್ಲಿ ಕೊಯ್ದರೆ ಅರ್ಧ ಫಸಲು ಸಿಗುತ್ತದೆ, ಗಿಡಕ್ಕೆ 9. 80%ನಲ್ಲಿ ಸುಮಾರು 13. ಚಳಿ ಒಂದೇ ಸಲಕ್ಕೆ ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಮೈನಸ್ 2ರಿಂದ ಮೈನಸ್ 10ರೊಳಗೆ ಒಂದೊಂದು ಗಿಡ ಒಂದೊಂದು ಹಂತದಲ್ಲಿ ಸಾಯುತ್ತದೆ. ಆ ಕೆಲವು ಗಂಟೆಗಳಲ್ಲಿ ಕೊಯ್ಲು ಗೊತ್ತಿರುವವರನ್ನೆಲ್ಲ ಹೊಲಕ್ಕೆ ಇಳಿಸಿ. ಪ್ಲಾಂಟ್ಸ್ ಕೌಶಲ ತೀರ ಕಡಿಮೆ ಇದ್ದವರನ್ನು ಕತ್ತರಿಸಲು ಬಿಡಬೇಡಿ, ಅವರ ಕೈಯಲ್ಲಿ ಫಸಲು ಹಾಳಾಗುತ್ತದೆ.

ಅಂದರೆ ಉಳಿದ ದಾರಿ ಹಿಂಡು ಇಳಿಸುವುದು. 165 ನ್ಯೂಟ್ರಿಷನ್ ಅನ್ನು 35 ದಿನಕ್ಕೆ ಹಂಚಿದರೆ ದಿನಕ್ಕೆ 4.7. ಚಳಿಗಾಲ ಶುರುವಾಗುವ ಹೊತ್ತಿಗೆ ಬಳಕೆ ಅಲ್ಲಿಗೆ ಇಳಿದಿರಲಿ.

---

ಏಳನೇಬೇಲಿ:

ಮೇಲಿನ ಲೆಕ್ಕದಲ್ಲಿ ಒಂದು ಕಂಡಿ ಇದೆ. ಈ 12 ದಿನ ಹಿಂಡು ಏನು ತಿನ್ನುತ್ತದೆ?

ಬಳಕೆ 6.0, ದೊಡ್ಡಿಯ ಹುಲ್ಲು ಕೊಡುವುದು 2.1. ದಿನಕ್ಕೆ 3.9 ಕೊರತೆ. 12 ದಿನಕ್ಕೆ 46.8, ಅಂದರೆ 936 ಹುಲ್ಲು ಚಳಿಗಾಲ ಕಾಲಿಡುವ ಮೊದಲೇ ಹೋಗಿರುತ್ತದೆ. 3300 ಅಂತ ಎಣಿಸಿಕೊಂಡದ್ದು ಆಗ 2400ಕ್ಕೂ ಕಡಿಮೆ. ಅದಕ್ಕೇ 4.7 ಸಾಲದು, ಚಳಿಗಾಲದ ತನಕ ಕಾಯುವುದಂತೂ ಸಲ್ಲದು.

ಈ 12 ದಿನವನ್ನೂ ಸೇರಿಸಿ 47 ದಿನ. ಮೇವು 165, ಜೊತೆಗೆ ಹಸಿ ಹುಲ್ಲು 2.1 × 12 = 25. ಒಟ್ಟು 190 ÷ 47 = 4.05. ಆ 2.1 ಕೂಡ ಚಳಿ ಹತ್ತಿರವಾದಂತೆ ಇಳಿಯುತ್ತದೆ. ಗಬ್ಬದ ಹಸು, ಕುರಿ ಇದ್ದರೆ ಹುಟ್ಟುವ ಮರಿಗಳ ಪಾಲೂ ಬೇಕು. ಇವತ್ತಿಂದಲೇ 3.7ರ ಆಸುಪಾಸಿಗೆ ಇಳಿಸಿದರೆ ನೆಮ್ಮದಿ. ಒಂದು ಪ್ರಾಣಿಯನ್ನು ಇವತ್ತು ಕಡಿಯುವುದಕ್ಕೂ ಹನ್ನೆರಡು ದಿನ ಬಿಟ್ಟು ಕಡಿಯುವುದಕ್ಕೂ ವ್ಯತ್ಯಾಸ, ಅದು ಆ ಹನ್ನೆರಡು ದಿನ ತಿಂದ ಮೇವು.

ಹಾಲಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಮಾಲ್‌ನ್ಯೂಟ್ರಿಷನ್ ಬರುವುದು ಕೊನೆಯ ಹಂತದಲ್ಲಿ, ಇಳುವರಿ ಕುಸಿಯುವುದು ಅದಕ್ಕೂ ಬಹಳ ಮೊದಲು. ಹೊಟ್ಟೆ ತುಂಬಿದ ಹಸುವಿನ ಕೆಚ್ಚಲು ಪೂರ್ತಿ ವೇಗದಲ್ಲಿ ತುಂಬುತ್ತದೆ. 'ಹಂಗ್ರಿ' ಆದ ಕೂಡಲೇ ಮೂರರಲ್ಲಿ ಎರಡು ಪಾಲು, 'ಅರ್ಜೆಂಟ್ಲಿ ಹಂಗ್ರಿ'ಗೆ ಮೂರನೇ ಒಂದು, ಪೂರ್ತಿ ಹಸಿದರೆ ಸೊನ್ನೆ. ಉಣ್ಣೆಗೆ, ಮೊಟ್ಟೆಗೆ, ಗಬ್ಬದ ಬೆಳವಣಿಗೆಗೆ ಎಲ್ಲಕ್ಕೂ ಇದೇ ಅಳತೆ. ಹಸುವನ್ನು ಒತ್ತಿ ನೀಡ್ಸ್ ಟ್ಯಾಬ್‌ನಲ್ಲಿ ಆಹಾರದ ಪಟ್ಟಿಯನ್ನು ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ನೋಡಿ. ದೊಡ್ಡಿಯೊಳಗೆ ಹುಲ್ಲು ಮೇದು ನೆಲ ಕಾಣುತ್ತಿದ್ದು, ಬಣವೆ ಬೇಲಿಯ ಆಚೆ ಇದ್ದರೆ, ಹಸುಗಳು ದಿನದ ಬಹುಪಾಲು ಹಸಿದೇ ತಿರುಗುತ್ತಿರುತ್ತವೆ.

---

ಕೊಟ್ಟಿಗೆಮೂಲೆ:

ಹಿಂಡು ಇಳಿಸುವುದು ಅಂದ ತಕ್ಷಣ ಎಲ್ಲರೂ ಕೋಳಿಯಿಂದ ಶುರು ಮಾಡುತ್ತಾರೆ. ಹಾಗೆ ಮಾಡಬೇಡಿ. ಫುಡ್ ಟ್ಯಾಬ್‌ನ ಕೆಳಭಾಗದಲ್ಲಿ ಯಾವ ಜಾತಿ ಎಷ್ಟು ತಿನ್ನುತ್ತಿದೆ ಅಂತ ಬೇರೆಬೇರೆಯಾಗಿ ತೋರಿಸುತ್ತದೆ. ಅಲ್ಲಿ ಮೊದಲು ನೋಡಬೇಕಾದದ್ದು ಹೋರಿಗಳನ್ನು. ಹಾಲಿಲ್ಲ, ತಿನ್ನುವುದು ಹಸುವಿನಷ್ಟೇ. ಹಿಂಡಿಗೆ ಒಂದು ಸಾಕು. ಆ ಒಂದೂ ಸತ್ತರೆ ಅನ್ನುವ ಅಂಜಿಕೆ ಇದ್ದರೆ ಗಂಡು ಕರು ಒಂದನ್ನು ಉಳಿಸಿಕೊಳ್ಳಿ, ಎರಡನೇ ಹೋರಿ ಬೇಡ. ಆಮೇಲೆ ಟಗರುಗಳು. ಆಮೇಲೆ ವಯಸ್ಸಾದ ಹೆಣ್ಣುಗಳು.

ಕುರಿ ಕಡಿಯುವ ಮೊದಲು ಉಣ್ಣೆ ಎಷ್ಟಾಗಿದೆ ನೋಡಿ. 90% ಇದ್ದರೆ ಒಂದೆರಡು ದಿನ ತಡೆಯಿರಿ. 100% ಆಗದೆ ಕತ್ತರಿಸಲು ಬರುವುದಿಲ್ಲ, ಕಡಿದರೆ ಅಷ್ಟೂ ಉಣ್ಣೆ ಹೋಯಿತು. ಚಳಿಗಾಲಕ್ಕೆ ಪಾರ್ಕಾ ಹೊಲಿಯಬೇಕಾದವರಿಗೆ ಅದು ಸಣ್ಣ ನಷ್ಟವಲ್ಲ.

ಕೈಯಾರೆ ಗುರುತು ಹಾಕುವ ಬದಲು ಆನಿಮಲ್ಸ್ ಟ್ಯಾಬ್‌ನ ಆಟೋ ಸ್ಲಾಟರ್ (ಮಿತಿ ಮೀರಿದವನ್ನು ತಾನಾಗಿ ಕಡಿಯಲು ಗುರುತು ಹಾಕುವ ಸೌಲಭ್ಯ) ಬಳಸಿ. ಪ್ರತಿ ಜಾತಿಗೂ ಒಟ್ಟು, ಗಂಡು, ಹೆಣ್ಣು, ಎಳೆಯ ಗಂಡು, ಎಳೆಯ ಹೆಣ್ಣು ಅಂತ ಬೇರೆಬೇರೆ ಮಿತಿ ಹಾಕಬಹುದು. ಇಲ್ಲಿ ಆಗುವ ಸಾಮಾನ್ಯ ತಪ್ಪು ಅಂದರೆ 'ಒಟ್ಟು' ಕಾಲಂ ಒಂದನ್ನೇ ತುಂಬಿ ಬಿಟ್ಟುಬಿಡುವುದು. ಆಗ ಯಾವುದು ಉಳಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ, ಹಾಲು ಕೊಡುವ ಹಸು ಹೋಗಿ ಹೋರಿ ಉಳಿದರೂ ಉಳಿಯಿತು. ಗಂಡಿನ ಮಿತಿ 1 ಅಂತ ಮೊದಲು ಹಾಕಿ. ಗಬ್ಬದವನ್ನು ಕಡಿಯಲು ಅನುಮತಿಸುವ ಟಿಕ್ ಹಾಗೂ ಬಾಂಡ್ ಆದವನ್ನು (ಒಬ್ಬ ವ್ಯಕ್ತಿಗೆ ಆಪ್ತವಾದ ಪ್ರಾಣಿಗಳನ್ನು) ಕಡಿಯುವ ಟಿಕ್ ಎರಡನ್ನೂ ತೆರೆದು ನೋಡಿ. ಬಾಂಡ್ ಆದ ಪ್ರಾಣಿ ಸತ್ತರೆ ಅದರ ಒಡೆಯನ ಮೂಡ್ ಬಹಳ ದಿನ ಏಳುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಕಡಿಯಬೇಡಿ. ಹಸಿ ಮಾಂಸ ತಂಪಿಲ್ಲದೆ 2 ದಿನ ಉಳಿಯುತ್ತದೆ ಅಷ್ಟೇ. ಫ್ರೀಜರ್ ಚಿಕ್ಕದಾಗಿದ್ದರೆ ದಿನಕ್ಕೆ ಎರಡು ದೊಡ್ಡ ಪ್ರಾಣಿ, ಅಡುಗೆಯವರ ಕೈ ಸಾಗುವಷ್ಟು. ಮುಂದೆ ಹೊರಗಿನ ತಾಪ 0ಕ್ಕಿಂತ ಕೆಳಗಿಳಿದಾಗ ಹೀಟರ್ ಇಲ್ಲದ, ಹೊರಗೋಡೆಗೆ ವೆಂಟ್ ಇಟ್ಟ ಕೋಣೆಯೇ ಫ್ರೀಜರ್ ಆಗುತ್ತದೆ. ಕರೆಂಟೂ ಬೇಡ. ಆದರೆ ವಸಂತದಲ್ಲಿ ಅದೇ ವೆಂಟ್ ಮುಚ್ಚುವುದು ಮರೆತರೆ ಮಾಂಸವೆಲ್ಲ ಕೊಳೆಯುತ್ತದೆ.

ಕೋಳಿಗೆ ಬೇರೆಯೇ ಉಪಾಯ. ಹೇಂಟೆ ದಿನಕ್ಕೊಂದು ಮೊಟ್ಟೆ ಇಡುತ್ತದೆ, ಒಂದು ಮೊಟ್ಟೆ 0.25 ನ್ಯೂಟ್ರಿಷನ್. ಹುಂಜ ಇಲ್ಲದಿದ್ದರೂ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೇ. ಹುಂಜಗಳನ್ನು ಬೇರೆ ದೊಡ್ಡಿಗೆ ಹಾಕಿ, ಅಲ್ಲಿಯ ಪೆನ್ ಮಾರ್ಕರ್‌ನಲ್ಲಿ ಬೇರೆ ಪ್ರಾಣಿಗಳ ಟಿಕ್ ತೆಗೆಯಿರಿ. ಅಷ್ಟು ಜಾಗ ಇಲ್ಲ ಅಂದರೆ ಒಂದನ್ನು ಬಿಟ್ಟು ಉಳಿದವನ್ನು ಅಡುಗೆಗೆ ಕಳಿಸಿ, ಕಾವಿನ ಮೊಟ್ಟೆಗಳನ್ನು ಫ್ರೀಜರ್‌ಗೆ ಹೊರಿಸಿ. 0ಕ್ಕಿಂತ ಕೆಳಗೆ ಅವು ಮರಿಯಾಗುವುದಿಲ್ಲ, ಅಡುಗೆಗೆ ಬರುತ್ತವೆ. ನಡುಚಳಿಗಾಲದಲ್ಲಿ ಮೂವತ್ತು ಮರಿ ಒಡೆದು ಬಂದು ಬಣವೆಗೆ ಮುತ್ತುವುದು ಈ ಆಟದಲ್ಲಿ ಹೊಸದೇನಲ್ಲ.

---

ಹಸಿರುದಿಬ್ಬ:

ನೀವು ಹೇಳಿದ್ದು ಸರಿ. ನೀಡ್ಸ್ ಟ್ಯಾಬ್ ನೋಡಿದೆ, ಐದರಲ್ಲಿ ನಾಲ್ಕು ಹಸು 'ಹಂಗ್ರಿ'. ಬಣವೆ ಬೇಲಿಯ ಹೊರಗಿತ್ತು. ಹೋರಿ ಎರಡಿವೆ, ಹುಂಜ ಏಳು. ಗಂಡಿನ ಮಿತಿ 1 ಅಂತ ಹಾಕಿದ್ದೇನೆ.

ಹಾಗಾದರೆ ಎಲ್ಲ ಹುಲ್ಲನ್ನೂ ದೊಡ್ಡಿಯೊಳಗೇ ತಂದಿಡಲೇ? ಕೊಟ್ಟಿಗೆಗೆ ಹೀಟರ್ ಹಾಕುವುದೋ ಕ್ಯಾಂಪ್‌ಫೈರ್ ಸಾಕೋ? ಸನ್ ಲ್ಯಾಂಪ್ (ಒಳಗೆ ಗಿಡ ಬೆಳೆಸುವ ದೀಪ) ಇಟ್ಟು ಒಳಗೇ ಹೇಗ್ರಾಸ್ ಬೆಳೆದರೆ?

---

ಬೂದಿಗುಡ್ಡ:

ಎಲ್ಲವನ್ನೂ ಒಳಗೆ ತರಬೇಡಿ. ಹಸಿದ ಪ್ರಾಣಿ ಹತ್ತಿರ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ. ಹಸಿ ಹುಲ್ಲು ಹತ್ತು ಹೆಜ್ಜೆ ಆಚೆ, ಒಣಹುಲ್ಲು ಕಾಲಬುಡದಲ್ಲಿ ಇದ್ದರೆ ಒಣಹುಲ್ಲೇ ಖಾಲಿಯಾಗುತ್ತದೆ. ಬೇಸಿಗೆಯಲ್ಲಿ ಬಣವೆ ದೊಡ್ಡಿಯೊಳಗೆ ಇಟ್ಟವರ ಚಳಿಗಾಲದ ಮೇವು ಹೀಗೇ ಸದ್ದಿಲ್ಲದೆ ಕರಗುವುದು.

ಎರಡು ಜಾಗ ಮಾಡಿ. ದೊಡ್ಡದು ಬೇಲಿಯ ಹೊರಗೆ, ಕಲ್ಲಿನ ಗೋಡೆ, ಮೇಲೆ ಸೂರು. ಹುಲ್ಲು ಕೊಳೆಯುವುದಿಲ್ಲ, ಆದರೆ ಸೂರಿಲ್ಲದೆ ಬಿದ್ದರೆ ಸವೆಯುತ್ತದೆ. ಬೆಂಕಿ ತಗುಲಿದರೆ ಬೇಗ ಹತ್ತಿಕೊಳ್ಳುವ ಸರಕು ಕೂಡ. ಹಾಗಾಗಿ ಮರದ ಗೋಡೆ ಬೇಡ, ಎರಡು ಕೋಣೆಗೆ ಪಾಲು ಮಾಡಿ ಇಟ್ಟರೆ ಒಂದಾದರೂ ಉಳಿಯುತ್ತದೆ. 200ಕ್ಕೊಂದು ಗುಡ್ಡೆ, 3300ಕ್ಕೆ 17 ಗುಡ್ಡೆ. ಎರಡು ಚೌಕದ ಶೆಲ್ಫ್ ಒಂದರಲ್ಲಿ 6 ಗುಡ್ಡೆ ಹಿಡಿಯುತ್ತದೆ, ಮೂರು ಶೆಲ್ಫ್ ಸಾಕು.

ಚಿಕ್ಕದು ದೊಡ್ಡಿಯೊಳಗಿನ ಕೊಟ್ಟಿಗೆಯಲ್ಲಿ, ಎರಡು ಗುಡ್ಡೆ ಹಿಡಿಯುವಷ್ಟು, ಹುಲ್ಲು ಮಾತ್ರ ಒಪ್ಪುವಂತೆ. ಅದರ ಪ್ರಯಾರಿಟಿ 'ಕ್ರಿಟಿಕಲ್', ಹೊರಗಿನದ್ದು 'ನಾರ್ಮಲ್'. ಖಾಲಿಯಾದಂತೆ ಜನ ತಾವಾಗಿ ತುಂಬುತ್ತಾರೆ. ಕೊಟ್ಟಿಗೆಗೆ ಬಾಗಿಲಿನ ಬದಲು ಆನಿಮಲ್ ಫ್ಲಾಪ್ (ಪ್ರಾಣಿಗಳು ನುಗ್ಗಿ ಹೋಗಬಹುದಾದ ತೆರೆ) ಹಾಕಿ, ದೊಡ್ಡಿಯ ಪ್ರಾಣಿಗಳು ಸಾಮಾನ್ಯ ಬಾಗಿಲು ತೆರೆದುಕೊಂಡು ಒಳಗೆ ಬರಲಾರವು. ಇದು ಗೊತ್ತಿಲ್ಲದೆ ಕೊಟ್ಟಿಗೆ ಕಟ್ಟಿ, ಪ್ರಾಣಿಗಳು ಹೊರಗೇ ನಡುಗುತ್ತಿದ್ದರೆ ಆಟದ ದೋಷ ಅಂತ ತಿಳಿಯುವವರು ಬಹಳ ಜನ.

ಬಿಸಿ ಎಷ್ಟು ಬೇಕು ಅನ್ನುವುದನ್ನು ಪ್ರಾಣಿಯ ಮಾಹಿತಿ ಪುಟ ಹೇಳುತ್ತದೆ, 'ಮಿನಿಮಮ್ ಕಂಫರ್ಟಬಲ್ ಟೆಂಪರೇಚರ್' ನೋಡಿ. ಹಿಂಡಿನಲ್ಲಿ ಚಳಿ ತಡೆಯಲು ತೀರ ಅಸಮರ್ಥವಾದದ್ದು ಯಾವುದೋ ಅದಕ್ಕಿಂತ ಎರಡು ಡಿಗ್ರಿ ಮೇಲೆ ಇಟ್ಟರೆ ಸಾಕು. ಹೀಟರ್ ಹಾಕಿದ ಕೂಡಲೇ ಅದು 21 ಡಿಗ್ರಿಗೆ ನಿಂತಿರುತ್ತದೆ, ಕೊಟ್ಟಿಗೆಗೆ ಅಷ್ಟು ಯಾಕೆ? ಇಳಿಸಿ. ಬೇಕಾದ ತಾಪ ಮುಟ್ಟಿದ ಮೇಲೆ 175 ವ್ಯಾಟ್ ಎಳೆಯುವ ಹೀಟರ್ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಗೋಡೆ ಎರಡು ಪದರ ಕಟ್ಟಿದರೆ ಆ ಸ್ಥಿತಿಗೆ ಬೇಗ ಬರುತ್ತದೆ.

ಕ್ಯಾಂಪ್‌ಫೈರ್ ದಿನಕ್ಕೆ 10 ಕಟ್ಟಿಗೆ ತಿನ್ನುತ್ತದೆ, ಹಿಡಿಯುವುದು 20. ಅಂದರೆ ಎರಡು ದಿನಕ್ಕೊಮ್ಮೆ ಯಾರಾದರೂ ಹೋಗಲೇಬೇಕು. ದಾಳಿ ನಡೆಯುವಾಗ ಆರಿಹೋಗುವುದು ಇದೇ. 30 ದಿನಕ್ಕೆ ಒಂದಕ್ಕೆ 300. ಮರದ ಜನರೇಟರ್ ಇದ್ದರೆ ಅದಕ್ಕೆ ದಿನಕ್ಕೆ 22, ಚಳಿಗಾಲಕ್ಕೆ 660. ಮರಗಳೂ 0ಕ್ಕಿಂತ ಕೆಳಗೆ ಬೆಳೆಯುವುದಿಲ್ಲ, ಆದ್ದರಿಂದ ಈ 12 ದಿನದಲ್ಲೇ ಸಾವಿರ ಕಟ್ಟಿಗೆ ಕಡಿದು ಸೂರಿನಡಿ ಇಡಿ. ಕೊಯ್ಲು ಶುರುವಾಗುವ ಮೊದಲಿನ ಆರು ದಿನ ಮರ ಕಡಿಯಲು ಒಳ್ಳೆಯ ಹೊತ್ತು.

ಸನ್ ಲ್ಯಾಂಪ್ ಬೇಡ. 2900 ವ್ಯಾಟ್ ಎಳೆಯುತ್ತದೆ. ಹೇಗ್ರಾಸ್ ಹೈಡ್ರೊಪೋನಿಕ್ಸ್‌ನಲ್ಲಿ (ಮಣ್ಣಿಲ್ಲದ ತೊಟ್ಟಿಯಲ್ಲಿ) ಬಿತ್ತಲೂ ಬರುವುದಿಲ್ಲ, ನೆಲವೇ ಬೇಕು. ಅಷ್ಟು ಕರೆಂಟ್ ಇದ್ದರೆ ಅದರ ಕೆಳಗೆ ಜನರಿಗೆ ಅಕ್ಕಿ ಬೆಳೆಯಿರಿ, ದನಕ್ಕಲ್ಲ.

---

ಕೊಟ್ಟಿಗೆಮೂಲೆ:

ಇನ್ನೊಂದು ದಾರಿಯನ್ನು ಯಾರೂ ಹೇಳಲಿಲ್ಲ: ಕಿಬಲ್ (ಪ್ರಾಣಿಗಳಿಗೆ ತಯಾರಿಸುವ ಆಹಾರ). 20 ಹುಲ್ಲು, 20 ಮಾಂಸ ಸೇರಿದರೆ 50 ಕಿಬಲ್. ಅದೂ ಒಂದಕ್ಕೆ 0.05, ಕೆಡುವುದಿಲ್ಲ. ಹುಲ್ಲಿನ ಮಟ್ಟಿಗೆ ನೋಡಿದರೆ 20 ಇದ್ದದ್ದು 50ರ ಕೆಲಸ ಮಾಡುತ್ತದೆ.

---

ಮೇವಿನಲೆಕ್ಕ:

ಹೌದು, ಆದರೆ ಯಾವ ಮಾಂಸ ಅನ್ನುವುದರ ಮೇಲೆ ನಿಂತಿದೆ. ಹುಲ್ಲೂ ಮಾಂಸವೂ ಸೇರಿ 2.0 ಹಾಕಿ 2.5 ಪಡೆಯುತ್ತೀರಿ, ಕಾಲು ಪಾಲು ಲಾಭ. ಅದೇ ಮಾಂಸ ಸಿಂಪಲ್ ಮೀಲ್ ಆದರೆ 0.5 ಹಾಕಿದ್ದಕ್ಕೆ 0.9. ಒಳ್ಳೆಯ ಮಾಂಸವನ್ನು ಕಿಬಲ್‌ಗೆ ಹಾಕಿದರೆ ಜನರ ಬಾಯಿಂದ ಕಿತ್ತು ದನಕ್ಕೆ ಕೊಟ್ಟಂತೆ. ಜನ ಮೂಗು ಮುರಿಯುವ ಕೀಟಮಾಂಸ ಇದ್ದರೆ ಅದನ್ನು ಮಾತ್ರ ಹಾಕಿ, ಬಿಲ್‌ನ (ಅಡುಗೆ ಆದೇಶದ) ಪಟ್ಟಿಯಲ್ಲಿ ಉಳಿದ ಮಾಂಸಗಳ ಟಿಕ್ ತೆಗೆಯಿರಿ. ನಾಯಿ ಸಾಕಿದ್ದರೆ ಅವಕ್ಕೆ ಹುಲ್ಲು ನಡೆಯುವುದಿಲ್ಲ, ಕಿಬಲ್ ಅಲ್ಲಿಗೇ ಮೊದಲು ಬೇಕು.

ಜನರ ಪಾಲನ್ನೂ ಎಣಿಸಿಬಿಡಿ, ಅದು ತಪ್ಪಿದರೆ ಹಾಲಿನ ಹಸುವನ್ನೂ ಕಡಿಯಬೇಕಾಗುತ್ತದೆ. ಒಬ್ಬರಿಗೆ ದಿನಕ್ಕೆ 1.6 ನ್ಯೂಟ್ರಿಷನ್. 8 ಜನ, 30 ದಿನ: 384. ಸಿಂಪಲ್ ಮೀಲ್ 0.9ರಂತೆ ಸುಮಾರು 427 ಊಟ, ಊಟಕ್ಕೆ 10ರಂತೆ 4270 ಹಸಿ ಪದಾರ್ಥ, ಮಾಂಸ ತರಕಾರಿ ಎಲ್ಲ ಸೇರಿ. ಅಷ್ಟಿಲ್ಲ ಅಂದರೆ ನ್ಯೂಟ್ರಿಯೆಂಟ್ ಪೇಸ್ಟ್ ಯಂತ್ರ ಇಡಿ. ಅದಕ್ಕೆ ಊಟಕ್ಕೆ 6 ಸಾಕು, 2560ರ ಸುತ್ತ ಮುಗಿಯುತ್ತದೆ. ಜನ ಗೊಣಗುತ್ತಾರೆ, ಹಸಿವಿನಿಂದ ಸಾಯುವುದಿಲ್ಲ. ಒಣಹುಲ್ಲನ್ನು ಮನುಷ್ಯರು ತಿನ್ನಲಾರರು, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಏಳನೇಬೇಲಿ ಹಿಡಿದ ಕಂಡಿ ನಿಜ, ಆ 12 ದಿನ ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. 3.7 ಅನ್ನೇ ಹಿಡಿಯಿರಿ.

ಬರುವ ವರ್ಷ ಇದೇ 6.0 ಹಿಂಡು ಬೇಕಿದ್ದರೆ 4200ಕ್ಕೆ 234 ಗಿಡ. ಬ್ಲೈಟ್ (ಬೆಳೆರೋಗ), ಬೆಂಕಿ, ಕೈತಪ್ಪು ಎಲ್ಲ ಸೇರಿ 300 ಗಿಡದ ಕೊಯ್ಲು ಇಟ್ಟುಕೊಳ್ಳಿ. 150 ಚೌಕದಲ್ಲಿ ಎರಡು ಬೆಳೆ ತೆಗೆಯಬಹುದು, ಆದರೆ 12.9 ಎರಡು ಸಲ ಅಂದರೆ 26 ದಿನ. 30 ದಿನದ ಅವಧಿಯಲ್ಲಿ ಬಿತ್ತಲು, ಕೊಯ್ಯಲು ನಾಲ್ಕೇ ದಿನ ಉಳಿಯುತ್ತದೆ. ರಿಚ್ ಸಾಯಿಲ್ (ಫಲವತ್ತಾದ ಮಣ್ಣು) ಇದ್ದರೆ ಬೆಳೆಗೆ 10.4 ದಿನ, ಆಗ ಸಲೀಸು. ಇಲ್ಲದಿದ್ದರೆ ಎರಡನೇ ಬೆಳೆಯ ಮೇಲೆ ಭರವಸೆ ಇಡದೆ 300 ಚೌಕ ಒಂದೇ ಸಲ ಬಿತ್ತಿ.

---

ಏಳನೇಬೇಲಿ:

ಹೊಲವನ್ನು ಎರಡು ಝೋನ್ ಮಾಡಿ, ನಡುವೆ ನಾಲ್ಕೈದು ಚೌಕ ಖಾಲಿ ಬಿಡಿ. ಬ್ಲೈಟ್ ಪಕ್ಕದ ಗಿಡಕ್ಕೆ ಹಬ್ಬುತ್ತದೆ. ಸೂಚನೆ ಬಂದ ಕೂಡಲೇ ರೋಗ ತಗುಲಿದವನ್ನು ಕತ್ತರಿಸಿದರೂ ಒತ್ತೊತ್ತಾಗಿ ಬಿತ್ತಿದ ಒಂದೇ ಹೊಲದಲ್ಲಿ ಹರಡುವ ವೇಗಕ್ಕೆ ಕೈ ಸಾಲುವುದಿಲ್ಲ. ಮತ್ತೆ, ದೊಡ್ಡಿಯೊಳಗೇ ಹೇಗ್ರಾಸ್ ಬಿತ್ತಿ ಮೇಯಲು ಬಿಡುವ ಯೋಚನೆ ಇದ್ದರೆ ಅದಕ್ಕೆ ಬೇರೆ ಜಾಗ ಇಡಿ, ಆ ಚೌಕಗಳನ್ನು ಈ 300ರಲ್ಲಿ ಎಣಿಸಬೇಡಿ. ಅರ್ಧ ಬೆಳೆಯುವ ಮೊದಲೇ ಮೇದು ಮುಗಿಸುತ್ತವೆ, ಬಣವೆಗೆ ಒಂದೂ ಬರುವುದಿಲ್ಲ.

---

ಹಸಿರುದಿಬ್ಬ:

ಎರಡನೇ ಹೋರಿ, ಆರು ಹುಂಜ, ಎರಡು ಟಗರು, ಒಂದು ಮುದಿ ಹಸು ಹೋದ ಮೇಲೆ ಮಾರ್ಕರ್ 3.8 ತೋರಿಸುತ್ತಿದೆ. ಇನ್ನೊಂದು ಕುರಿಯ ಉಣ್ಣೆ 94% ಇದೆ, ಕತ್ತರಿಸಿದ ಮೇಲೆ ಅದರ ಸರದಿ. ಕೊಟ್ಟಿಗೆಯೊಳಗೆ ಎರಡು ಗುಡ್ಡೆ ಇಟ್ಟಾಯಿತು, ಹಸುಗಳ ಪಟ್ಟಿ ಮೇಲೇರಿದೆ. ಮೂವರನ್ನು ಮರ ಕಡಿಯಲು ಹಾಕಿದ್ದೇನೆ.